ಥ್ರೋ-ಇನ್ ಹಿಡಿದು ನಾಲ್ಕು ಸೀಸನ್: ಕಾಲೇಜು ತಂಡದ ಅಸಿಸ್ಟೆಂಟ್ ಕೋಚ್ ಆಗಿ ನನ್ನ ಅನುಭವ

ಈ ಸಲದ ಅಂತರ ಕಾಲೇಜು ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ನಾವು ಹೊಡೆದದ್ದು ಎರಡು ಗೋಲು, ಎರಡೂ ಥ್ರೋ-ಇನ್‌ನಿಂದಲೇ, ಅಂದರೆ ಬಾಲ್ ಸೈಡ್ ಲೈನ್ ದಾಟಿದಾಗ ಕೈಯಿಂದ ಒಳಗೆ ಎಸೆಯುವ ಎಸೆತದಿಂದ. ಮ್ಯಾಚ್ ಮುಗಿದ ಮೇಲೆ ಎದುರು ತಂಡದ ಕೋಚ್ ಬಂದು, "ಏನ್ ಗುರು, ಎಷ್ಟು ದಿನದಿಂದ ಮಾಡಿಸ್ತಿದ್ದೀಯ ಇದನ್ನ?" ಅಂದರು. ನಾಲ್ಕು ವರ್ಷ ಅಂದೆ. ಅವರು ನಂಬಲಿಲ್ಲ. ಆ ನಾಲ್ಕು ವರ್ಷದ ಲೆಕ್ಕ ಇಲ್ಲಿದೆ.

ನಾನು ಬೆಂಗಳೂರಿನ ಆಸ್ಟಿನ್ ಟೌನ್ ಹುಡುಗ. ಇಲ್ಲಿನ ಲೀಗಿನ ಸಿ ಡಿವಿಷನ್‌ನಲ್ಲಿ ರೈಟ್ ಬ್ಯಾಕ್, ಅಂದರೆ ಬಲಬದಿಯ ಡಿಫೆಂಡರ್ ಆಗಿ ಆಡುತ್ತಿದ್ದೆ. ಇಪ್ಪತ್ನಾಲ್ಕಕ್ಕೆ ಮಂಡಿ ಹೋಯಿತು. ಸಾಲ ಮಾಡಿ ಕೋಚಿಂಗಿನ ಡಿ ಲೈಸೆನ್ಸ್ ಮುಗಿಸಿದೆ. ಒಂದು ಕಾಲೇಜಿನಲ್ಲಿ ತಿಂಗಳಿಗೆ 7,000 ರೂಪಾಯಿ ಗೌರವಧನಕ್ಕೆ ಸೇರಿದೆ. ವರ್ಷಕ್ಕೆ ಎಂಟೇ ತಿಂಗಳು ಕೊಡುತ್ತಿದ್ದರು, ಅದೂ ಒಮ್ಮೊಮ್ಮೆ ನಾಲ್ಕು ತಿಂಗಳು ತಡವಾಗಿ. ಮಧ್ಯಾಹ್ನದ ಮೇಲೆ ಸ್ಪೋರ್ಟ್ಸ್ ಅಂಗಡಿಯಲ್ಲಿ ಕೆಲಸ ಮಾಡದಿದ್ದರೆ ಮನೆ ನಡೆಯುತ್ತಿರಲಿಲ್ಲ. ಅಸಿಸ್ಟೆಂಟ್ ಕೋಚ್ ಅಂದರೆ ಏನು ಕೆಲಸ ಅಂತ ನಿಮಗೆ ಹೇಳಬೇಕಾಗಿಲ್ಲ. ಕೋನ್ ಇಡು, ಪ್ರಾಕ್ಟೀಸಿನಲ್ಲಿ ತಂಡ ಬೇರೆ ಮಾಡಲು ತೊಡುವ ಬಿಬ್ಸ್ ಒಗೆಸು, ಬಾಲಿಗೆ ಗಾಳಿ ಹೊಡಿ, ಅಟೆಂಡೆನ್ಸ್ ಕಮ್ಮಿ ಬಿದ್ದ ಹುಡುಗರ ಪರವಾಗಿ ಲೆಕ್ಚರರ್ ಮುಂದೆ ನಿಲ್ಲು. ತಂಡ ಆರಿಸುವುದು ಪಿ.ಡಿ. ಸರ್, ಅಂದರೆ ಕಾಲೇಜಿನ ಫಿಸಿಕಲ್ ಡೈರೆಕ್ಟರ್.

ಇದು ಶುರುವಾದದ್ದು ಒಂದು ಸುದ್ದಿಯಿಂದ. ಲಿವರ್‌ಪೂಲ್ ತಂಡ 2018ರಲ್ಲಿ ಥಾಮಸ್ ಗ್ರೋನಮಾರ್ಕ್ ಅನ್ನುವ ಡೆನ್ಮಾರ್ಕಿನವರನ್ನು ಬರೀ ಥ್ರೋ-ಇನ್ ಕಲಿಸಲಿಕ್ಕೆಂದೇ ಇಟ್ಟುಕೊಂಡಿತ್ತು. 51.33 ಮೀಟರ್ ಎಸೆದು ವಿಶ್ವದಾಖಲೆ ಮಾಡಿದ್ದ ಮನುಷ್ಯ. ಅದಕ್ಕೂ ಹಿಂದೆ ಸ್ಟೋಕ್ ಸಿಟಿಯ ರೋರಿ ಡೆಲಾಪ್ ಎಸೆತಕ್ಕೆ ಪ್ರೀಮಿಯರ್ ಲೀಗ್ ಡಿಫೆಂಡರ್‌ಗಳು ಒದ್ದಾಡಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದವರೇ. ನನಗೆ ಹೊಳೆದದ್ದು ಮಾತ್ರ ನಮ್ಮ ಗ್ರೌಂಡಿನ ವಿಷಯ. ನಾವು ಆಡುವ ಮಣ್ಣಿನ ಗ್ರೌಂಡುಗಳಲ್ಲಿ ಮೂರು ಪಾಸ್ ನೆಟ್ಟಗೆ ಹೋಗುವುದೇ ಕಷ್ಟ, ಬಾಲ್ ಎಲ್ಲಿ ಪುಟಿಯುತ್ತದೋ ದೇವರಿಗೇ ಗೊತ್ತು. ಆದರೆ ಕೈಯಿಂದ ಎಸೆದ ಬಾಲಿಗೆ ಗುಂಡಿಯೂ ಇಲ್ಲ, ಕಲ್ಲೂ ಇಲ್ಲ. ಥ್ರೋದಲ್ಲಿ ಆಫ್‌ಸೈಡೂ ಇಲ್ಲ, ನಮ್ಮವರು ಡಿಫೆಂಡರ್‌ಗಳನ್ನು ದಾಟಿ ಮುಂದೆ ನಿಂತೇ ಬಾಲ್ ಪಡೆಯಬಹುದು. ಒಂದು ಭಾನುವಾರ ಟೇಪ್ ಹಿಡಿದು ಗ್ರೌಂಡ್ ಅಳೆದೆ. ಅಗಲ ಸುಮಾರು 55 ಮೀಟರ್. ಸೈಡ್ ಲೈನಿಂದ ಹತ್ತಿರದ ಪೋಸ್ಟಿಗೆ 24 ಚಿಲ್ಲರೆ. ಅಷ್ಟು ಎಸೆಯುವ ಒಬ್ಬ ಹುಡುಗ ಸಿಕ್ಕರೆ ಗೋಲಿನ ಹತ್ತಿರ ಸಿಗುವ ಪ್ರತಿ ಥ್ರೋವೂ ನಮಗೊಂದು ಕಾರ್ನರ್ ಕಿಕ್ ಇದ್ದಂತೆ.

ಪಿ.ಡಿ. ಸರ್‌ಗೆ ಹೇಳಿದೆ. "ಕೈಯಲ್ಲಿ ಆಡೋಕೆ ಹ್ಯಾಂಡ್‌ಬಾಲ್ ಟೀಮ್ ಇದೆ ಕಣಯ್ಯ, ನೀನು ಹೋಗಿ ಕೋನ್ ಇಡು" ಅಂದರು. ಕೊನೆಗೆ ಮಂಗಳವಾರ, ಗುರುವಾರ ಪ್ರಾಕ್ಟೀಸ್ ಮುಗಿದ ಮೇಲೆ ಇಪ್ಪತ್ತು ನಿಮಿಷ ಬಿಟ್ಟುಕೊಟ್ಟರು. ಅಷ್ಟೇ ಸಾಕಾಯಿತು.

ಮೊದಲ ವರ್ಷ ಪೂರ್ತಿ ಹಾಳು. ತಂಡದಲ್ಲೇ ಗಟ್ಟಿಮುಟ್ಟಾದ ಸೆಂಟರ್ ಬ್ಯಾಕನ್ನು ಆರಿಸಿದೆ. ಅದೇ ತಪ್ಪು. ಅವನು ಎಸೆಯಲು ಹೋದರೆ ಗೋಲಿನ ಮುಂದಿನ ಬಾಕ್ಸಿನಲ್ಲಿ ಬಾಲನ್ನು ಹೆಡ್ ಮಾಡುವವರು ಯಾರು? ಮೇಲಾಗಿ 3 ಕೆಜಿ ಮೆಡಿಸಿನ್ ಬಾಲ್ ತಂದು ದಿನಕ್ಕೆ ನಲವತ್ತು ಸಲ ಎಸೆಸಿದೆ. ಮೂರನೇ ವಾರಕ್ಕೆ ಭುಜ ಊದಿಕೊಂಡಿತು. ಫಿಸಿಯೋ ಹತ್ತಿರ ಎಂಟು ಸಲ ಕರೆದುಕೊಂಡು ಹೋದೆ, ಸಲಕ್ಕೆ 400. ದುಡ್ಡು ನನ್ನ ಜೇಬಿನದೇ. ಆ ಹುಡುಗನ ಅಮ್ಮ ಫೋನ್ ಮಾಡಿ, "ನಿಮ್ಮನ್ನ ನಂಬಿ ಕಳಿಸಿದ್ದೆವಲ್ಲ ಸರ್" ಅಂದದ್ದು ಇವತ್ತಿಗೂ ಕಿವಿಯಲ್ಲಿದೆ. ಅಂದಿನಿಂದ ಭಾರದ ಬಾಲ್ ಮುಟ್ಟಿಸಿಲ್ಲ. ಹಳೇ ಸೈಕಲ್ ಟ್ಯೂಬನ್ನು ಗೋಲ್‌ಪೋಸ್ಟಿಗೆ ಕಟ್ಟಿ ಎಳೆಸುತ್ತೇನೆ. ಪಂಕ್ಚರ್ ಅಂಗಡಿಯವರು ಟ್ಯೂಬಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಎರಡನೇ ವರ್ಷ ಸರಿಯಾದ ಹುಡುಗ ಸಿಕ್ಕ. ಮಂಡ್ಯ ಕಡೆಯವನು, ಊರಲ್ಲಿ ವಾಲಿಬಾಲ್ ಆಡಿದವನು, ನಮ್ಮಲ್ಲಿ ಲೆಫ್ಟ್ ಬ್ಯಾಕ್. ನೋಡಲಿಕ್ಕೆ ಸಣಕಲು. ಆದರೆ ಬೆನ್ನು ಬಿಲ್ಲಿನ ಹಾಗೆ ಬಾಗುತ್ತಿತ್ತು. ಬಂದಾಗ 18 ಮೀಟರ್ ಎಸೆಯುತ್ತಿದ್ದ. ಓಡಿ ಬರುವ ಹೆಜ್ಜೆ ಸರಿಮಾಡಿದ್ದಕ್ಕೇ 21 ಆಯಿತು. ಎಲ್ಲರೂ ತೋಳಿನ ಹಿಂದೆ ಬೀಳುತ್ತಾರೆ, ದೂರ ಬರುವುದು ಸೊಂಟದಿಂದ ಮತ್ತು ಕೊನೆಯ ಎರಡು ಹೆಜ್ಜೆಯಿಂದ. ಹಿಂದಿನ ಕಾಲು ಎತ್ತುತ್ತಿದ್ದ, ಫೌಲ್ ಥ್ರೋ ಅಂತ ರೆಫರಿ ಊದುತ್ತಿದ್ದರು. ಕಾಲ ಬೆರಳು ನೆಲದ ಮೇಲೆ ಎಳೆಯುವುದನ್ನು ಅಭ್ಯಾಸ ಮಾಡಿಸಿದೆ. ಅವನ ಬಲಗಾಲಿನ ಬೂಟು ಎರಡು ತಿಂಗಳಿಗೊಂದು ಹರಿಯುತ್ತಿತ್ತು, ಜೋಡಿಗೆ 900. ಅಂಗಡಿಯಲ್ಲಿ ನನಗೆ ಸಿಗುವ ರಿಯಾಯಿತಿಯಲ್ಲಿ ಕೊಡಿಸುತ್ತಿದ್ದೆ. ವರ್ಷದ ಕೊನೆಗೆ 26, ಗಾಳಿ ಜೊತೆಗಿದ್ದರೆ 27.

ಎಸೆತ ಬಂದರೂ ಗೋಲು ಬರಲಿಲ್ಲ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿದ ಒಂದು ಮ್ಯಾಚಲ್ಲಿ ಅವಮಾನವೇ ಆಯಿತು. ಟರ್ಫ್ ನಮ್ಮ ಗ್ರೌಂಡಿಗಿಂತ ಅಗಲ, ಅದನ್ನು ನಾನು ಮೊದಲೇ ಲೆಕ್ಕ ಹಾಕಿರಲಿಲ್ಲ. ಬಾಲ್ ಪೋಸ್ಟಿಗಿಂತ ನಾಲ್ಕೈದು ಮೀಟರ್ ಈಚೆಗೇ ಬಿತ್ತು, ಅವರು ಕ್ಲಿಯರ್ ಮಾಡಿ ನೇರ ಓಡಿದರು, ಹಿಂದೆ ನಮ್ಮವನು ಒಬ್ಬನೇ. ಹೀಗೇ ಎರಡು ಗೋಲು ತಿಂದೆವು. ಬಸ್ಸಿನಲ್ಲಿ ಬರುವಾಗ ಪಿ.ಡಿ. ಸರ್ ಮಾತೇ ಆಡಲಿಲ್ಲ.

ಆ ರಾತ್ರಿ ಅರ್ಥವಾಯಿತು. ಎಸೆತವನ್ನು ಗೋಲಿಗಾಗಿ ಎಸೆಯಬಾರದು. ಅದರಿಂದ ನೇರ ಗೋಲಂತೂ ಇಲ್ಲ, ಮೊದಲ ಹೆಡರಿನಲ್ಲಿ ಗೋಲು ಬರುವುದೂ ಅಪರೂಪ. ಹತ್ತಿರದ ಪೋಸ್ಟಿನಲ್ಲಿ ಒಬ್ಬ ಹಿಂದಕ್ಕೆ ಸವರಿಬಿಡಬೇಕು, ಗೋಲು ಹೊಡೆಯುವವನು ಆಚೆ ಪೋಸ್ಟಿನವನು. ಇಲ್ಲವೇ ಅವರು ಕ್ಲಿಯರ್ ಮಾಡಿದ ಬಾಲ್ ಬೀಳುವುದು ಬಾಕ್ಸಿನ ಹೊರಗಿನ ಅರ್ಧವೃತ್ತದ, ಅಂದರೆ ಡಿ ಅಂಚಿನಲ್ಲಿ, ಅಲ್ಲಿ ನಮ್ಮ ಒಳ್ಳೇ ಶೂಟರ್ ಕಾದಿರಬೇಕು. ಹಿಂದೆ ಮೂರು ಜನ ಕಡ್ಡಾಯ. ಬಾಕ್ಸಿನೊಳಗೆ ನಾಲ್ವರು ಯಾವ ಕ್ರಮದಲ್ಲಿ ಓಡುತ್ತಾರೆ, ಯಾವ ಸನ್ನೆಗೆ ಹೊರಡುತ್ತಾರೆ ಅನ್ನುವುದನ್ನು ಬರೆಯುವುದಿಲ್ಲ. ಮುಂದಿನ ಸೀಸನ್ನಿಗೂ ಅದು ಬೇಕು.

ನಡುವೆ ಏನೇನೋ ಮಾಡಿ ನೋಡಿದೆ. ಕೀಪರ್ ಮುಂದೆ ನಿಲ್ಲಿಸಲು ಕಬಡ್ಡಿ ಟೀಮಿನ ಹುಡುಗನನ್ನು ಕರೆತಂದೆ. ಕಲ್ಲುಬಂಡೆ ಹಾಗೆ ನಿಲ್ಲುತ್ತಿದ್ದ, ಆದರೆ ಅಭ್ಯಾಸಬಲದಿಂದ ಕೈ ಹಾಕಿ ಹಿಡಿದೇಬಿಡುತ್ತಿದ್ದ. ಒಂದೇ ಮ್ಯಾಚಲ್ಲಿ ಮೂರು ಫೌಲ್, ಅಲ್ಲಿಗೆ ಬಿಟ್ಟೆ. ಬಾಲಿನ ಗಾಳಿ ಕಮ್ಮಿ ಮಾಡಿ ನೋಡಿದೆ. ಗಾಳಿಯ ಒತ್ತಡ 9 ಪಿಎಸ್‌ಐ ಹತ್ತಿರ ಇದ್ದರೆ ಹಿಡಿತ ಚೆನ್ನಾಗಿರುತ್ತದೆ, ಆದರೆ ಟೂರ್ನಮೆಂಟಿನಲ್ಲಿ ಬಾಲ್ ನಮ್ಮದಲ್ಲ. ಕೆಲಸಕ್ಕೆ ಬಂದದ್ದು ಒಂದೇ, ಎಸೆಯುವವನ ಜರ್ಸಿಯ ಒಳಗಡೆ ಅಂಚಿಗೆ ಟರ್ಕಿ ಟವೆಲ್ಲಿನ ತುಂಡು ಹೊಲಿಸಿದ್ದು. ಮಳೆಯಲ್ಲಿ ಬಾಲ್ ಒರೆಸಲು ಅದಕ್ಕಿಂತ ಒಳ್ಳೆಯದಿಲ್ಲ. ಟೈಲರ್ 30 ರೂಪಾಯಿ ತೆಗೆದುಕೊಂಡ.

ದುಡ್ಡಿನ ವಿಷಯದಲ್ಲಿ ಸಂತೋಷ್ ಟ್ರೋಫಿಯನ್ನು, ಅಂದರೆ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯನ್ನು ನೆನೆಯಲೇಬೇಕು. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ಕಪ್ ಗೆದ್ದಿತು. ಹಿಂದೆ ಗೆದ್ದಾಗ ನಮ್ಮದಿನ್ನೂ ಮೈಸೂರು ರಾಜ್ಯ. ನಮ್ಮ ಏರಿಯಾದಲ್ಲಿ ಆ ರಾತ್ರಿ ಪಟಾಕಿ ಹೊಡೆದರು, ನನಗೆ ಕಣ್ಣಲ್ಲಿ ನೀರೇ ಬಂತು. ಸೋಮವಾರ ಬೆಳಿಗ್ಗೆ ಪೇಪರ್ ಹಿಡಿದುಕೊಂಡು ಪ್ರಿನ್ಸಿಪಾಲ್ ಕೋಣೆಗೆ ಹೋದೆ. ಎರಡು ವರ್ಷದಿಂದ ಸಿಗದ ಹನ್ನೆರಡು ಬಾಲ್ ಆ ವಾರವೇ ಮಂಜೂರಾದವು.

ಮೊದಲ ಸೀಸನ್ನಿನಲ್ಲಿ ಹನ್ನೊಂದು ಮ್ಯಾಚಿಗೆ ಒಂಬತ್ತೋ ಹತ್ತೋ ಗೋಲು, ಥ್ರೋದಿಂದ ಒಂದು. ಈ ಸಲ ಹದಿನಾಲ್ಕು ಮ್ಯಾಚಿಗೆ 23ರ ಆಸುಪಾಸು, ಅದರಲ್ಲಿ ಎಂಟು ಥ್ರೋದಿಂದ. ಲೆಕ್ಕ ಬರೆದಿಟ್ಟ ಪುಸ್ತಕ ಕಳೆದುಹೋಗಿದೆ, ಒಂದೆರಡು ಆಚೀಚೆ ಇರಬಹುದು. ನಮ್ಮ ಮಟ್ಟದ ಇನ್ನೊಂದು ತಂಡ ಇಷ್ಟು ತೆಗೆದದ್ದನ್ನು ನಾನಂತೂ ನೋಡಿಲ್ಲ. ಫೈನಲ್ ಟೈಬ್ರೇಕರ್‌ನಲ್ಲಿ ಸೋತೆವು. ಆದರೂ ಪಿ.ಡಿ. ಸರ್ ಎಲ್ಲರ ಮುಂದೆ, "ಇನ್ಮೇಲೆ ಥ್ರೋ, ಕಾರ್ನರ್, ಫ್ರೀಕಿಕ್ ಎಲ್ಲ ಇವನದೇ" ಅಂದರು. ಗೌರವಧನ 12,000 ಆಗಿದೆ. ಅಂಗಡಿ ಕೆಲಸ ಬಿಟ್ಟಿಲ್ಲ. ಸಿ ಲೈಸೆನ್ಸಿಗೆ ಚೀಟಿ ಕಟ್ಟುತ್ತಿದ್ದೇನೆ.

ಮಂಡ್ಯದ ಹುಡುಗನ ಡಿಗ್ರಿ ಮುಗಿಯಿತು. ಫಸ್ಟ್ ಇಯರಿನ ಒಬ್ಬನನ್ನು ಹಿಡಿದಿದ್ದೇನೆ, ಬೆಳಿಗ್ಗೆ ಆರೂಕಾಲಿಗೆ ಟ್ಯೂಬ್ ಎಳೆಯಲು ಬರುತ್ತಾನೆ. ಸದ್ಯಕ್ಕೆ 20 ಮೀಟರ್, ಅದೂ ಹಿಂದಿನ ಕಾಲು ಎತ್ತಿಕೊಂಡು. ಸೀಸನ್ ಶುರುವಾಗುವಷ್ಟರಲ್ಲಿ 24 ಮಾಡಿಸಬೇಕು.