ಬೇರಿನ ತುಂಡಿನಿಂದ ಬಂದ ಎಲ್ಮ್

ಲಾಲ್‌ಬಾಗ್‌ನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಹೋದವನು ಗೇಣುದ್ದದ ಚೀನಾ ಎಲ್ಮ್ ಸಸಿಯೊಂದನ್ನು ಕೊಂಡು ತಂದೆ. "ಇದಕ್ಕೆ ರೋಗವೇ ಬರುವುದಿಲ್ಲ ಸರ್" ಎಂದಿದ್ದರು ಮಾರಿದವರು. ನಂಬಿದೆ.

ಅವರು ಹೇಳಿದ್ದು ಡಚ್ ಎಲ್ಮ್ ರೋಗದ ಮಟ್ಟಿಗೆ ನಿಜ. ತೊಗಟೆ ಕೊರೆಯುವ ದುಂಬಿಯ ಮೈಗಂಟಿ ಬರುವ ಶಿಲೀಂಧ್ರ ಮರದ ನೀರಿನ ನಾಳಗಳಿಗೆ ಇಳಿಯುತ್ತದೆ. ಅದನ್ನು ತಡೆಯಲು ಮರವೇ ನಾಳಗಳನ್ನು ಮುಚ್ಚಿಕೊಂಡು ಕೊನೆಗೆ ಬಾಯಾರಿ ಸಾಯುತ್ತದೆ. 1970ರ ದಶಕದಿಂದೀಚೆಗೆ ಬ್ರಿಟನ್ನಿನಲ್ಲಿ ಎರಡು ಕೋಟಿಗೂ ಹೆಚ್ಚು ಎಲ್ಮ್ ಮರಗಳು ಹೀಗೆ ಹೋದವು. ರೋಗ ಹುಟ್ಟಿದ್ದು ಹಾಲೆಂಡಿನಲ್ಲಲ್ಲ. ಕಾರಣ ಪತ್ತೆಹಚ್ಚಿದವರು ಡಚ್ ವಿಜ್ಞಾನಿಗಳು, ಪಾಪ, ಹೆಸರು ಅವರ ತಲೆಗೇ ಬಂತು. ಚೀನಾ ಎಲ್ಮ್ ಈ ರೋಗವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ನಿಂತ ನೀರನ್ನು ತಾಳುವುದಿಲ್ಲ.

ನಾನು ಸಸಿ ನೆಟ್ಟದ್ದು ಮನೆ ಕಟ್ಟಿದಾಗ ಇಟ್ಟಿಗೆ ಚೂರು, ಸಿಮೆಂಟು ಸುರಿದು ಮುಚ್ಚಿದ ಹಿತ್ತಲ ಮೂಲೆಯಲ್ಲಿ. ಸೆಪ್ಟೆಂಬರ್ ಮಳೆಗೆ ಎಲೆ ಹಳದಿಯಾಯಿತು. ಬಾಡಿದೆಯಲ್ಲ ಎಂದು ಇನ್ನೆರಡು ಚೊಂಬು ನೀರು ಹಾಕಿದ ಬುದ್ಧಿವಂತ ನಾನೇ! ಕಿತ್ತು ನೋಡಿದರೆ ಅರ್ಧ ಬೇರು ಕಪ್ಪಾಗಿ ನಾರುತ್ತಿತ್ತು.

ಕೊಳೆತದ್ದನ್ನೆಲ್ಲ ಕತ್ತರಿಸಿ, ಅಷ್ಟೇ ಪ್ರಮಾಣದಲ್ಲಿ ಕೊಂಬೆಗಳನ್ನೂ ಸವರಿ, ಕುಂಡಕ್ಕೆ ಹಾಕಿದೆ. ಮಿಶ್ರಣಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಸಗಣಿ ಗೊಬ್ಬರ, ಎರಡು ಪಾಲು ಜರಡಿ ಹಿಡಿದ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು). ಜರಡಿಯಲ್ಲಿ ಉಳಿದ ದಪ್ಪ ಕಾಳು ಮಾತ್ರ ಬೇಕು. ಕೆಳಗೆ ಬಿದ್ದ ಪುಡಿ ಬೆರೆತರೆ ಮಣ್ಣು ಗಾರೆಯಂತೆ ಕಚ್ಚಿಕೊಳ್ಳುತ್ತದೆ.

ಕತ್ತರಿಸುವಾಗ ಪೆನ್ಸಿಲ್ ದಪ್ಪದ, ಕೊಳೆಯದ ಬೇರಿನ ಮೂರು ತುಂಡುಗಳೂ ಕೈಗೆ ಬಂದಿದ್ದವು. ಎಸೆಯಲು ಮನಸ್ಸಾಗದೆ ಬುಡದ ಕಡೆಯ ತುದಿ ಮೇಲೆ ಬರುವಂತೆ, ಕಾಲು ಅಂಗುಲ ಹೊರಗೆ ಕಾಣುವಂತೆ ಮರಳಿನಲ್ಲಿ ಊರಿದೆ. ಸುಮಾರು ಒಂದೂವರೆ ತಿಂಗಳಿಗೆ ಎರಡು ಚಿಗುರಿದವು. ಕೊಂಬೆಯ ಕಡ್ಡಿಗಳು ಎಂಟು ಊರಿದ್ದೆ, ಉಳಿದದ್ದು ಒಂದು. ಈಗ ಯಾರು ಕೇಳಿದರೂ ಬೇರಿನ ತುಂಡನ್ನೇ ಕೊಡುತ್ತೇನೆ.

ಬೇಸಿಗೆಯಲ್ಲಿ ಹಿಟ್ಟು ತಿಗಣೆ ಕೂತಿತು. ಲೀಟರ್ ನೀರಿಗೆ ಐದು ಮಿಲಿ ಬೇವಿನ ಎಣ್ಣೆ, ಒಂದೆರಡು ಹನಿ ಸೋಪು ಕಲಸಿ ಸಂಜೆ ಸಿಂಪಡಿಸಿದೆ, ಹೋಯಿತು.

ತಾಯಿ ಗಿಡವನ್ನು ಮರುವರ್ಷ ಅದೇ ಹಿತ್ತಲಲ್ಲಿ, ಆದರೆ ಒಂದಡಿ ಎತ್ತರದ ಮಣ್ಣಿನ ದಿಬ್ಬದ ಮೇಲೆ, ಸಂಪಿನಿಂದ ದೂರ ನೆಟ್ಟೆ. ಈಗ ಅದು ನನಗಿಂತ ಎತ್ತರ. ಈ ಮರದ ಸಹಜ ಗುಣದಂತೆ ತೊಗಟೆ ಅಲ್ಲಲ್ಲಿ ಕಳಚಿ ಒಳಗಿನ ಕಿತ್ತಳೆ ಬಣ್ಣ ಕಾಣುತ್ತದೆ. ಪಕ್ಕದ ಮನೆಯ ಅಜ್ಜಿ ಅದನ್ನು ಕಂಡು, "ಪಾಪ, ಗಿಡಕ್ಕೆ ಏನೋ ಚರ್ಮದ ರೋಗ ಬಂದಿದೆಯಲ್ಲಪ್ಪಾ" ಎಂದರು.