ಎಣ್ಣೆ ಪ್ಯಾಕೆಟ್ ಹಿಡಿದು ಅರ್ಥಶಾಸ್ತ್ರ ಕಲಿಸುವುದು ಹೇಗೆ?

ಜಗತ್ತಿನ ಸುದ್ದಿ ಇಟ್ಟುಕೊಂಡು ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳುವ ಪಾಠಗಳನ್ನು ಹಿಂದಿನ ಬೆಂಚಿನಲ್ಲಿ ಕೂತು ಎಷ್ಟೋ ಸಲ ನೋಡಿದ್ದೇನೆ. ಹೆಚ್ಚಿನವು ಕೆಡುವುದು ಒಂದೇ ರೀತಿಯಲ್ಲಿ. ಯುದ್ಧದ ಮಾತು ಶುರುವಾಗುತ್ತದೆ, ಯಾರು ಸರಿ ಯಾರು ತಪ್ಪು ಎಂಬ ವಾದಕ್ಕೆ ಅರ್ಧ ಗಂಟೆ ಹೋಗುತ್ತದೆ. ಬೆಲ್ ಹೊಡೆಯುವ ಹೊತ್ತಿಗೆ ಬೋರ್ಡಿನ ಮೇಲೆ ಬೇಡಿಕೆ, ಪೂರೈಕೆಯ ಎರಡು ರೇಖೆ ಎಳೆದು ‘ಹೀಗಾಗಿ ಬೆಲೆ ಏರಿತು’ ಎಂದು ಮುಗಿಸುತ್ತಾರೆ. ಮಕ್ಕಳಿಗೆ ಯುದ್ಧ ನೆನಪಿರುತ್ತದೆ, ರೇಖೆ ಮರೆತುಹೋಗುತ್ತದೆ.

ಮೊದಲು ಒಂದೇ ಒಂದು ಘಟನೆ ಆರಿಸಿಕೊಳ್ಳಿ, ಒಂದು ವಾರ ಅದನ್ನು ಬಿಡಬೇಡಿ. ಇವತ್ತಿನ ಪತ್ರಿಕೆಯಿಂದ ಶುರು ಮಾಡಬೇಡಿ. ನಾಳೆ ಏನಾಗುತ್ತದೆ ಎಂದು ನಿಮಗೂ ಗೊತ್ತಿರುವುದಿಲ್ಲ. ಮುಗಿದ ಘಟನೆಯಾದರೆ ಮಕ್ಕಳ ಉತ್ತರವನ್ನು ತಾಳೆ ನೋಡಬಹುದು. ಆ ಘಟನೆ ಮಗುವಿನ ಮನೆಯನ್ನು ಮುಟ್ಟಿರಬೇಕು. ಕೊಡಗು, ಚಿಕ್ಕಮಗಳೂರಿನ ಮೇಷ್ಟ್ರುಗಳಿಗೆ ಬ್ರೆಜಿಲ್‌ನ ಬರ ಮತ್ತು ಕಾಫಿ ಬೆಲೆಗಿಂತ ಒಳ್ಳೆಯ ಪಾಠ ಬೇರೆ ಇಲ್ಲ. ದಾವಣಗೆರೆ ಕಡೆಯ ನನ್ನ ಮಕ್ಕಳಿಗೆ ನಾನು ಹೇಳುವುದು 2022ರ ಅಡುಗೆ ಎಣ್ಣೆಯ ಕಥೆ.

ಕಥೆ ಇಷ್ಟು: ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಆಗ ನಾವು ಆಮದು ಮಾಡಿಕೊಳ್ಳುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಉಕ್ರೇನ್ ಮತ್ತು ರಷ್ಯಾದ್ದು. 2022ರ ಫೆಬ್ರುವರಿ 24ರಂದು ಯುದ್ಧ ಶುರುವಾಗಿ ಉಕ್ರೇನಿನ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದವು. ಎಲ್ಲರೂ ತಾಳೆ ಎಣ್ಣೆಯತ್ತ ತಿರುಗುವಷ್ಟರಲ್ಲಿ, ಅದನ್ನು ಜಗತ್ತಿನಲ್ಲೇ ಅತಿ ಹೆಚ್ಚು ತಯಾರಿಸುವ ಇಂಡೊನೇಷ್ಯಾ ಏಪ್ರಿಲ್ 28ರಿಂದ ರಫ್ತು ನಿಲ್ಲಿಸಿತು. ಮೇ 23ರಂದು ಮತ್ತೆ ಬಿಟ್ಟಿತು. ಗೋಡೆಯ ನಕ್ಷೆಯಲ್ಲಿ ಒಡೆಸಾ ಬಂದರು ತೋರಿಸಿ. ಇದಕ್ಕೆ ಹತ್ತು ನಿಮಿಷ ಸಾಕು.

ಖಾಲಿ ಎಣ್ಣೆ ಪ್ಯಾಕೆಟ್ ತರಲು ಹೇಳಿ, ತೂಕ ಓದಿಸಿ. ಒಂದು ಲೀಟರ್ ಎಂದರೆ ಸುಮಾರು 910 ಗ್ರಾಂ. ನೋಡಲು ಅಷ್ಟೇ ದೊಡ್ಡದಾಗಿ ಕಾಣುವ 850, 750 ಗ್ರಾಂ ಪ್ಯಾಕೆಟ್‌ಗಳೂ ಮಾರಾಟಕ್ಕಿವೆ. ತೂಕ ನೋಡದೆ ಬೆಲೆ ಹೋಲಿಸಿದರೆ ಲೆಕ್ಕ ಅಲ್ಲೇ ತಪ್ಪುತ್ತದೆ.

ಇನ್ನು ನಿಜವಾದ ಕಷ್ಟ. ‘ಬೆಲೆ ಏಕೆ ಏರಿತು?’ ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಕ್ಕಳು ಹೀಗೆ ಬರೆಯುತ್ತಾರೆ: ‘ಪೂರೈಕೆ ಕಡಿಮೆಯಾಗಿ ಬೆಲೆ ಏರಿತು, ಬೆಲೆ ಏರಿದ್ದರಿಂದ ಬೇಡಿಕೆ ಕಡಿಮೆಯಾಯಿತು, ಬೇಡಿಕೆ ಕಡಿಮೆಯಾದ್ದರಿಂದ ಬೆಲೆ ಇಳಿಯಿತು.’ ಹಾಗಾದರೆ ಬೆಲೆ ಏರಿತೋ ಇಳಿಯಿತೋ? ರೇಖೆಯೇ ಪಲ್ಲಟವಾಗುವುದು ಬೇರೆ, ರೇಖೆಯ ಮೇಲೆ ಬಿಂದು ಚಲಿಸುವುದು ಬೇರೆ. ಇದನ್ನು ಬಾಯಲ್ಲಿ ನೂರು ಸಲ ಹೇಳಿದರೂ ಇಳಿಯುವುದಿಲ್ಲ, ಕೈಯಲ್ಲಿ ಮಾಡಿಸಬೇಕು.

ಪ್ರತಿ ಬೆಂಚಿಗೆ ಎರಡು ಪೊರಕೆ ಕಡ್ಡಿ, ಒಂದು ಹುಣಸೆ ಬೀಜ ಕೊಡಿ. ಮೇಲೆ ಹೋದಷ್ಟೂ ಬೆಲೆ ಹೆಚ್ಚು, ಬಲಕ್ಕೆ ಹೋದಷ್ಟೂ ಪ್ರಮಾಣ ಹೆಚ್ಚು. ಎಡದಿಂದ ಬಲಕ್ಕೆ ಇಳಿಯುವ ಕಡ್ಡಿ ಬೇಡಿಕೆ, ಏರುವ ಕಡ್ಡಿ ಪೂರೈಕೆ. ಎರಡೂ ಕೂಡುವಲ್ಲಿ ಬೀಜ. ಈಗ ಬಂದರು ಮುಚ್ಚಿತು ಎನ್ನಿ. ಪೂರೈಕೆಯ ಕಡ್ಡಿಯನ್ನು ಎಡಕ್ಕೆ ಸರಿಸಬೇಕು. ಕಡ್ಡಿಗಳು ಕೂಡುವ ಜಾಗ ಬದಲಾಗುತ್ತದೆ, ಬೀಜವನ್ನು ಬೇಡಿಕೆಯ ಕಡ್ಡಿಗುಂಟ ಮೇಲಕ್ಕೆ ಜರುಗಿಸಿ ಅಲ್ಲಿಗೆ ತರಬೇಕು. ಬೇಡಿಕೆಯ ಕಡ್ಡಿ ಒಂದು ಕೂದಲೆಳೆಯಷ್ಟೂ ಕದಲಿಲ್ಲ ಎಂಬುದನ್ನು ಮಕ್ಕಳೇ ಮುಟ್ಟಿ ನೋಡಲಿ.

ಮಿರ್ಚಿ ಗಾಡಿ ಇಟ್ಟಿರುವ ತಾಯಿಯ ಮಗಳೊಬ್ಬಳು ನನ್ನ ತರಗತಿಯಲ್ಲಿದ್ದಳು. “ಅಮ್ಮ ಸನ್‌ಫ್ಲವರ್ ಎಣ್ಣೆ ಕಮ್ಮಿ ತಂದ್ರು ಮೇಡಂ” ಎಂದಳು.

“ಯಾಕಮ್ಮ?”

“ರೇಟ್ ಜಾಸ್ತಿ ಆಯ್ತಲ್ಲ.”

“ಹಾಗಾದ್ರೆ ಕಡ್ಡಿ ಸರಿಸ್ತೀಯೋ, ಬೀಜ ಸರಿಸ್ತೀಯೋ?”

ಸ್ವಲ್ಪ ಹೊತ್ತು ಕೈ ಗಾಳಿಯಲ್ಲೇ ನಿಂತಿತ್ತು. ಆಮೇಲೆ ಬೀಜ ಮುಟ್ಟಿದಳು. “ಬದ್ಲಿಗೆ ಪಾಮೋಲಿನ್ ತಂದ್ರು” ಎಂದು ಸೇರಿಸಿದಳು. ಪಾಮೋಲಿನ್ ಎಂದರೆ ತಾಳೆ ಎಣ್ಣೆಯೇ. ಆಗ ಪಕ್ಕದ ಬೆಂಚನ್ನು ಪಾಮೋಲಿನ್ ಮಾರುಕಟ್ಟೆ ಮಾಡಿದೆವು. ಅಲ್ಲಿ ಸರಿಯಬೇಕಾದ್ದು ಬೇಡಿಕೆಯ ಕಡ್ಡಿ, ಬಲಕ್ಕೆ. ಬದಲಿ ಸರಕು ಎಂಬ ಪಾಠ ಅಲ್ಲೇ ಆಯಿತು. ಇಂಡೊನೇಷ್ಯಾದ ಸರದಿ ಬಂದಾಗ ಆ ಬೆಂಚಿನವರು ಕೇಳುವ ಮೊದಲೇ ಪೂರೈಕೆಯ ಕಡ್ಡಿಯನ್ನು ಎಡಕ್ಕೆ ತಳ್ಳಿದ್ದರು.

ಗೊಂದಲವಾದಾಗ ಬಳಸಲು ನಿಯಮ ಒಂದೇ: ಅದೇ ಸರಕಿನ ಇವತ್ತಿನ ಬೆಲೆಯನ್ನು ಎತ್ತದೆ ಕಾರಣ ಹೇಳಲು ಬಂದರೆ ಕಡ್ಡಿ ಸರಿಸಿ, ಬರದಿದ್ದರೆ ಬೀಜ ಸರಿಸಿ. ‘ಇವತ್ತಿನ’ ಎಂಬ ಮಾತು ಮುಖ್ಯ. ‘ಹಳೇ ಸ್ಟಾಕಿಗೆ ಅಂಗಡಿಯವರು ಹೊಸ ರೇಟ್ ಯಾಕೆ ಹಾಕಿದರು?’ ಎಂದು ಯಾವ ತರಗತಿಯಲ್ಲಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ‘ಮೋಸ’ ಎಂದು ಹೇಳಿ ಮುಗಿಸಿಬಿಡಬೇಡಿ. ಮುಂದಿನ ಲೋಡ್ ಹೆಚ್ಚಿನ ಬೆಲೆಗೆ ಬರುತ್ತದೆಂದು ಗೊತ್ತಾದ ವ್ಯಾಪಾರಿ ಇವತ್ತೇ ಕೈ ಬಿಗಿ ಹಿಡಿಯುತ್ತಾನೆ, ಪೂರೈಕೆಯ ಕಡ್ಡಿ ಎಡಕ್ಕೆ. ನಾಳೆ ಇನ್ನೂ ಏರುತ್ತದೆಂದು ಗಿರಾಕಿ ಎರಡು ಪ್ಯಾಕೆಟ್ ಹೆಚ್ಚು ಒಯ್ಯುತ್ತಾನೆ, ಬೇಡಿಕೆಯ ಕಡ್ಡಿ ಬಲಕ್ಕೆ. ಹಡಗು ತಡವಾಗುವ ಮೊದಲೇ ಬೆಲೆ ಏರುವುದು ಹೀಗೆ. ಈ ಪ್ರಶ್ನೆಗೆ ಒಂದು ಪೂರ್ತಿ ಪೀರಿಯಡ್ ಕೊಡಿ.

ರೇಖೆಗಳು ತಾವೇ ಓಡಾಡುವ ಸಿದ್ಧ ಸ್ಲೈಡುಗಳನ್ನು ದಯವಿಟ್ಟು ಬಳಸಬೇಡಿ. ನಾನು ನೋಡಿದ ಹಲವದರಲ್ಲಿ ಎರಡೂ ರೇಖೆ ಒಟ್ಟಿಗೆ ಸರಿದು, ಮಕ್ಕಳಲ್ಲಿರುವ ತಪ್ಪನ್ನೇ ಗಟ್ಟಿ ಮಾಡುತ್ತವೆ. ಪ್ರಚಲಿತ ವಿದ್ಯಮಾನದ ಗೈಡುಗಳೂ ಬೇಡ, ಅವುಗಳಲ್ಲಿ ತಾರೀಖು ಇರುತ್ತದೆ, ಕಾರಣ ಇರುವುದಿಲ್ಲ.

ಸ್ಥಿತಿಸ್ಥಾಪಕತ್ವಕ್ಕೂ, ಅಂದರೆ ಬೆಲೆ ಬದಲಾದರೆ ಕೊಳ್ಳುವ ಪ್ರಮಾಣ ಎಷ್ಟು ಬದಲಾಗುತ್ತದೆ ಎಂಬ ಪಾಠಕ್ಕೂ, ಇದೇ ಎಣ್ಣೆ ಸಾಕು. ‘ಎಣ್ಣೆ ಅಗತ್ಯ ವಸ್ತು, ಬೇಡಿಕೆ ಬಗ್ಗುವುದಿಲ್ಲ’ ಎಂದು ಬಾಯಿಪಾಠ ಮಾಡಿಸುತ್ತೇವೆ. ಅಡುಗೆ ಎಣ್ಣೆಯನ್ನು ಒಟ್ಟಾಗಿ ನೋಡಿದರೆ ಅದು ಬಹುಮಟ್ಟಿಗೆ ಸರಿ. ಸೂರ್ಯಕಾಂತಿ ಎಣ್ಣೆ ಒಂದನ್ನೇ ನೋಡಿದರೆ ಅಲ್ಲ, ಮಿರ್ಚಿ ಗಾಡಿಯ ತಾಯಿ ಒಂದೇ ದಿನದಲ್ಲಿ ಬದಲಾಯಿಸಿದರು.

ಬೆಲೆಯ ಅಂಕಿಗಳಿಗೆ ವಾಟ್ಸ್‌ಆ್ಯಪ್ ನಂಬಬೇಡಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದಿನವೂ ಚಿಲ್ಲರೆ ಬೆಲೆ ಪ್ರಕಟಿಸುತ್ತದೆ.

ಸರ್ಕಾರದ ಪಾತ್ರಕ್ಕೆ ಸುಂಕ ತೆಗೆದುಕೊಳ್ಳಿ. ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕವನ್ನು ಕೇಂದ್ರ 2024ರ ಸೆಪ್ಟೆಂಬರ್‌ನಲ್ಲಿ ಸೊನ್ನೆಯಿಂದ ಶೇ 20ಕ್ಕೆ ಏರಿಸಿತು, 2025ರ ಮೇ ಕೊನೆಯಲ್ಲಿ ಶೇ 10ಕ್ಕೆ ಇಳಿಸಿತು. ಅರ್ಧ ತರಗತಿ ಕೊಪ್ಪಳ, ರಾಯಚೂರಿನ ಸೂರ್ಯಕಾಂತಿ ಬೆಳೆಗಾರರಾಗಲಿ, ಇನ್ನರ್ಧ ಮಿರ್ಚಿ ಗಾಡಿಯವರಾಗಲಿ. ಯಾರೇ ಮಾತಾಡಿದರೂ ಕಡ್ಡಿ ಸರಿಸಿ ತೋರಿಸಿಯೇ ಮಾತಾಡಬೇಕು.

ಇದೆಲ್ಲ ಆದ ಮೇಲೆಯೇ ಆ ದಿನದ ಪತ್ರಿಕೆ ತೆರೆಯಿರಿ. ಒಂದು ಸುದ್ದಿ ಆರಿಸಿ ಪ್ರತಿಯೊಬ್ಬರೂ ತಾರೀಖು ಹಾಕಿ ಬರೆಯಲಿ: ಯಾವ ಸರಕು, ಯಾವ ಕಡ್ಡಿ, ಯಾವ ಕಡೆಗೆ, ಏಕೆ. ತಿಂಗಳ ನಂತರ ಬೆಲೆ ನೋಡಿ. ತಪ್ಪಾಗಿದ್ದರೆ ಅಳಿಸಲು ಬಿಡಬೇಡಿ, ತಾನು ಎಣಿಸದೇ ಬಿಟ್ಟ ಕಡ್ಡಿ ಯಾವುದೆಂದು ಅದರ ಪಕ್ಕದಲ್ಲೇ ಬರೆಸಿ.