ಚಳಿಗಾಲದ ಕೌದಿ: ಮೊದಲು ಕಸೂತಿ, ಆಮೇಲೆ ಕತ್ತರಿ

ಕೌದಿ (ಬಟ್ಟೆಯ ಚೌಕಗಳನ್ನು ಜೋಡಿಸಿ ಹೊಲಿಯುವ ಹೊದಿಕೆ), ಕಸೂತಿ ಎರಡನ್ನೂ ಒಟ್ಟಿಗೆ ಕೈಗೆತ್ತಿಕೊಂಡವರು ಹೆಚ್ಚಾಗಿ ಎಡವುವುದು ಹೊಲಿಗೆಯಲ್ಲಲ್ಲ, ಕೆಲಸದ ಸರದಿಯಲ್ಲಿ. ಚೌಕಗಳನ್ನು ಸರಿಯಾದ ಅಳತೆಗೆ ಕತ್ತರಿಸಿಟ್ಟುಕೊಂಡು ಆಮೇಲೆ ಕಸೂತಿ ಹಾಕಿದರೆ ದಾರ ಬಟ್ಟೆಯನ್ನು ಒಳಕ್ಕೆಳೆದು ಚೌಕ ಕಿರಿದಾಗುತ್ತದೆ, ಅಂಚಿನ ನೂಲೂ ಬಿಚ್ಚಿಕೊಳ್ಳುತ್ತದೆ. ಕಸೂತಿ ಬರಬೇಕಾದ ತುಂಡುಗಳನ್ನು ನಾಲ್ಕೂ ಕಡೆ ಮುಕ್ಕಾಲು ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿ. ಕಸೂತಿ ಮುಗಿದು, ತೊಳೆದು, ಇಸ್ತ್ರಿ ಮಾಡಿದ ಮೇಲಷ್ಟೇ ಅಳತೆಗೆ ತನ್ನಿ.

ಕಾಲಿನ ಮೇಲೆ ಹೊದೆಯುವಷ್ಟು, 48 x 60 ಇಂಚಿನ ಕೌದಿಯ ಲೆಕ್ಕ ಹೀಗಿದೆ. ಆರೂವರೆ ಇಂಚಿನ 80 ಚೌಕಗಳು, ಅಡ್ಡಕ್ಕೆ 8, ಉದ್ದಕ್ಕೆ 10. ಪ್ರತಿ ಅಂಚಿನಲ್ಲೂ ಕಾಲಿಂಚು ಹೊಲಿಗೆಗೆ ಹೋಗಿ ಪ್ರತಿ ಚೌಕವೂ 6 ಇಂಚಿಗೆ ಬರುತ್ತದೆ. ಎಂಬತ್ತರಲ್ಲಿ 12ಕ್ಕೆ ಕಸೂತಿ ಸಾಕು, ಎಲ್ಲದಕ್ಕೂ ಹಾಕಿದರೆ ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ. 44 ಇಂಚು ಅಗಲದ ಹತ್ತಿ ಬಟ್ಟೆಯಾದರೆ ಕಸೂತಿಗೆ 70 ಸೆಂ.ಮೀ., ಉಳಿದ ಚೌಕಗಳಿಗೆ ಎಲ್ಲ ಬಣ್ಣ ಸೇರಿ ಎರಡೂಕಾಲು ಮೀಟರ್, ಅಡಿಬಟ್ಟೆಗೆ ಮೂರೂಕಾಲು ಮೀಟರ್, ಅಂಚುಪಟ್ಟಿಗೆ ಅರ್ಧ ಮೀಟರ್ ಬೇಕು. ಅಡಿಬಟ್ಟೆ ಮತ್ತು ನಡುವಿನ ಹತ್ತಿ ಪದರ ನಾಲ್ಕೂ ಕಡೆ 4 ಇಂಚು ಹೊರಗೆ ಚಾಚಿರಲಿ.

ಕತ್ತರಿಸುವ ಮುಂಚೆ ಬಟ್ಟೆ ತೊಳೆಯಿರಿ. ಹತ್ತಿ ಕುಗ್ಗುತ್ತದೆ, ಕಡುಗೆಂಪು ಮತ್ತು ಗಾಢ ನೀಲಿ ಬಣ್ಣ ಬಿಡುವುದುಂಟು. ಚಳಿಗಾಲದಲ್ಲಿ ಬಟ್ಟೆ ಹೊರಗೆ ಒಣಗಿದಂತೆ ಕಂಡರೂ ತಣ್ಣಗಿದ್ದರೆ ಅದರಲ್ಲಿ ಇನ್ನೂ ಪಸೆ ಇದೆಯೆಂದೇ ಅರ್ಥ. ಅಂಥ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಎಳೆದಾಡಿದರೆ ಅದು ಓರೆಯಾಗಿ ಹಿಗ್ಗಿ, ಚೌಕ ಚೌಕವಾಗಿ ಉಳಿಯುವುದಿಲ್ಲ. ಎಳೆಯಬೇಡಿ, ಒತ್ತಿ ಎತ್ತಿ.

ಕಸೂತಿ ದಾರದ ಲಚ್ಚಿಯಲ್ಲಿ ಆರು ಎಳೆಗಳಿರುತ್ತವೆ. ಸಣ್ಣ ಹೂಬಳ್ಳಿಗೆ ಎರಡು ಎಳೆ ಸರಿ. ಸುಮಾರು 18 ಇಂಚು ಕತ್ತರಿಸಿಕೊಂಡು, ತುದಿಯನ್ನು ಚಿವುಟಿ ಹಿಡಿದು, ಒಂದೇ ಒಂದು ಎಳೆಯನ್ನು ನೆಟ್ಟಗೆ ಮೇಲಕ್ಕೆ ಎಳೆಯಿರಿ. ಉಳಿದವು ಮುದುಡಿ ಬೆರಳಿನ ಹತ್ತಿರ ಸೇರುತ್ತವೆ, ಎಳೆ ಪೂರ್ತಿ ಹೊರಬಂದೊಡನೆ ತಾವಾಗಿ ಇಳಿಯುತ್ತವೆ. ಇನ್ನೊಂದನ್ನೂ ಹಾಗೆಯೇ ತೆಗೆದು ಎರಡನ್ನು ಜೋಡಿಸಿ. ಒಟ್ಟಿಗೆ ಎಳೆದರೆ ಗಂಟು ಖಾತ್ರಿ. ದಾರ ಇದಕ್ಕಿಂತ ಉದ್ದವಾದರೆ ಬಟ್ಟೆಯೊಳಗೆ ಮತ್ತೆ ಮತ್ತೆ ಹಾದು ನಾರೇಳುತ್ತದೆ. ದಿನದ ಕೆಲಸ ಮುಗಿದಾಗ ಬಟ್ಟೆ ಬಿಗಿದಿಟ್ಟ ದುಂಡು ಫ್ರೇಮ್ ಬಿಚ್ಚಿಡಿ, ಬಿಗಿದೇ ಬಿಟ್ಟರೆ ಉಂಗುರದ ಗುರುತು ಸುಲಭಕ್ಕೆ ಹೋಗುವುದಿಲ್ಲ.

ಚಳಿಯ ಮುಖ್ಯ ತೊಂದರೆ ಕೈಯದು. ಒಡೆದ ಬೆರಳತುದಿ ದಾರವನ್ನು, ಅದರಲ್ಲೂ ರೇಷ್ಮೆಯನ್ನು, ಕೆರೆದು ಎಳೆ ಎಬ್ಬಿಸುತ್ತದೆ. ಕೂರುವ ಮುಂಚೆ ಕ್ರೀಮ್ ಹಚ್ಚಿದರೆ ಬಟ್ಟೆಗೆ ಜಿಡ್ಡು. ಹಾಗಾಗಿ ರಾತ್ರಿ ಹಚ್ಚಿ ಮಲಗಿ, ಕೆಲಸಕ್ಕೆ ಮುಂಚೆ ಕೈ ತೊಳೆದು ಒರೆಸಿಕೊಳ್ಳಿ. ಮರಗಟ್ಟಿದ ಬೆರಳಿಗೆ ಬಿಗಿ ಗೊತ್ತಾಗದೆ ದಾರ ಜಗ್ಗಿ ಬಟ್ಟೆ ನಿರಿಗೆಗಟ್ಟುತ್ತದೆ, ಕೈ ಬೆಚ್ಚಗಾಗುವ ತನಕ ಸೂಜಿ ಹಿಡಿಯಬೇಡಿ. ಬಲಗೈಯವರು ದೀಪವನ್ನು ಎಡಕ್ಕಿಟ್ಟುಕೊಂಡರೆ ಕೈಯ ನೆರಳು ಹೊಲಿಗೆಯ ಮೇಲೆ ಬೀಳದು. ದೀಪವೇನೇ ಇರಲಿ, ಬಣ್ಣ ಹೊಂದಿಸುವ ಕೆಲಸ ಮಾತ್ರ ಹಗಲಿಗಿರಲಿ.

ಕಸೂತಿಯ ಚಿತ್ತಾರ ಬರೆದುಕೊಳ್ಳಲು ಬಳಸುವ, ಇಸ್ತ್ರಿ ಬಿಸಿಗೆ ಮಾಯವಾಗುವ ಪೆನ್ನಿನ ಬಗ್ಗೆ ಒಂದು ಎಚ್ಚರಿಕೆ. ಗೆರೆ ಅಳಿಯುವುದಿಲ್ಲ, ಕಾಣದಾಗುತ್ತದೆ ಅಷ್ಟೆ. ಸೊನ್ನೆಗಿಂತ 10 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಗೆ ಸಿಕ್ಕರೆ ಮತ್ತೆ ಮೂಡಬಹುದು. ನೀರಿಗೆ ಹೋಗುವ ಪೆನ್ ಮೇಲು, ಆದರೆ ಅದನ್ನು ತೊಳೆಯದೆ ಇಸ್ತ್ರಿ ಮಾಡಿದರೆ ಗೆರೆ ಕಚ್ಚಿಕೊಂಡುಬಿಡುತ್ತದೆ.

ಜೋಡಣೆಯಲ್ಲಿ ಕಾಲಿಂಚು ಎಂದರೆ ಕಾಲಿಂಚೇ. ಪ್ರತಿ ಹೊಲಿಗೆ 1/16 ಇಂಚು ಒಳಗೆ ಸರಿದರೂ ಎರಡೂ ಚೌಕ ಸೇರಿ 1/8 ಇಂಚು ನಷ್ಟ, ಸಾಲಿನ ಏಳು ಹೊಲಿಗೆಗೆ ಹೆಚ್ಚೂಕಡಿಮೆ ಒಂದಿಂಚು. ಒಂದು ಸಾಲಿನ ಹೊಲಿಗೆಗಳನ್ನು ಎಡಕ್ಕೆ ಮಡಚಿ ಒತ್ತಿದರೆ ಮುಂದಿನ ಸಾಲಿನವನ್ನು ಬಲಕ್ಕೆ ಒತ್ತಿ, ಆಗ ಮೂಲೆಗಳು ಒಂದಕ್ಕೊಂದು ಕಚ್ಚಿ ಕೂರುತ್ತವೆ.

ಅಡಿಬಟ್ಟೆಯನ್ನು ಮಗುಚಿ ನೆಲಕ್ಕೆ ಹಾಸಿ, ಹಿಗ್ಗದಷ್ಟು ಮಾತ್ರ ಬಿಗಿಯಾಗಿ ಅಂಟುಪಟ್ಟಿ ಹಚ್ಚಿ. ಮೇಲೆ ಹತ್ತಿ, ಅದರ ಮೇಲೆ ಜೋಡಿಸಿದ ಬಟ್ಟೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸ್ಪ್ರೇ ಅಂಟು ಬೇಡವೇ ಬೇಡ, 4 ಇಂಚಿಗೊಂದರಂತೆ ನಡುವಿನಿಂದ ಹೊರಕ್ಕೆ ಪಿನ್ನು ಹಾಕುತ್ತಾ ಹೋಗಿ. ಮೂರೂ ಪದರ ಸೇರಿಸುವ ಹೊಲಿಗೆಯೂ ನಡುವಿನಿಂದಲೇ ಶುರು. ಅಂಚಿನಿಂದ ಹೊರಟರೆ ಸಡಿಲವೆಲ್ಲ ಮಧ್ಯಕ್ಕೆ ಬಂದು ಗುಳ್ಳೆಯಾಗುತ್ತದೆ.

ಕೈಹೊಲಿಗೆಗೆ 9ನೇ ನಂಬರಿನ ಗಿಡ್ಡ ಸೂಜಿ, ನಡುಬೆರಳಿಗೆ ಅಂಗುಸ್ತಾನ (ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಟೋಪಿ). ದಾರದ ತುದಿಯ ಸಣ್ಣ ಗಂಟನ್ನು ಮೇಲ್ಬಟ್ಟೆಯೊಳಕ್ಕೆ ಟಪ್ಪನೆ ಎಳೆದು ಹತ್ತಿಯಲ್ಲಿ ಹುದುಗಿಸಿ. ಕೆಳಗಿನ ಕೈಬೆರಳಿಗೆ ಸೂಜಿಮೊನೆ ತಾಕಿದೊಡನೆ ಮೇಲಕ್ಕೆ ತಿರುಗಿಸಿ. ಇಂಚಿಗೆ ಆರು ಹೊಲಿಗೆ ಬಂದರೆ ಹೊಸಬರಿಗೆ ಸಾಕು. ಸಣ್ಣದಕ್ಕಿಂತ ಸಮನಾಗಿರುವುದು ಮುಖ್ಯ. ಕಸೂತಿಯ ಮೇಲೆ ಹೊಲಿಯದೆ ಅದರ ಸುತ್ತ ಕಾಲಿಂಚು ಬಿಟ್ಟು ಹೊಲಿದರೆ ಹೂವು ಉಬ್ಬಿ ಕಾಣುತ್ತದೆ.

ಹೆಚ್ಚಿಗೆ ಚಾಚಿದ್ದನ್ನು ಕತ್ತರಿಸಿ ಅಂಚುಪಟ್ಟಿ ಹೊಲಿಯಿರಿ. ಎರಡೂವರೆ ಇಂಚು ಅಗಲದ ಆರು ಪಟ್ಟಿಗಳನ್ನು ಓರೆಯಾಗಿ ಜೋಡಿಸಿ ಉದ್ದಕ್ಕೆ ಮಡಚಿದರೆ ನಾಲ್ಕೂ ಅಂಚಿಗೆ ಸಾಲುತ್ತದೆ. ಮೊದಲ ಬಾರಿ ತಣ್ಣೀರಲ್ಲಿ ತೊಳೆದು, ಹಿಂಡದೆ, ಎರಡು ಹಗ್ಗಗಳ ಮೇಲೆ ಅಡ್ಡ ಹಾಕಿ. ಒಂದೇ ಹಗ್ಗಕ್ಕೆ ಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಜಗ್ಗುತ್ತದೆ. ಚಳಿಗಾಲದಲ್ಲಿ ಒಳಗಿನ ಹತ್ತಿ ಕೊನೆಗೆ ಒಣಗುವುದರಿಂದ, ಹೊಲಿಗೆಗಳು ಒತ್ತಾಗಿರುವ ಕಡೆ ಅಂಗೈಯಿಟ್ಟು ಒತ್ತಿ ನೋಡಿ, ತಂಪು ತಾಕಿದರೆ ಇನ್ನೂ ಮಡಚಿಡಬೇಡಿ.